ಚೌರಿಯ ಹದಿನೇಳು ಎಳೆ

2024ರ ನವೆಂಬರ್ 18, ಕಾರ್ತಿಕದ ಮೂರನೆಯ ಸೋಮವಾರ. ಸಂಜೆ 6.10ಕ್ಕೆ ಕೃಷ್ಣಮೂರ್ತಿಪುರಂನ ಮೋಹನ್ ಏದುಸಿರು ಬಿಡುತ್ತ ಠಾಣೆಗೆ ಬಂದು, ತನ್ನ ತಾಯಿ ಪುಟ್ಟತಾಯಮ್ಮ ಹಿತ್ತಲಲ್ಲಿ ಸತ್ತು ಬಿದ್ದಿದ್ದಾರೆಂದು ದೂರು ಕೊಟ್ಟ.

ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಹೋಗಿ ಪಂಚನಾಮೆ ಬರೆಸಿದರು. ಒಗೆಯುವ ಕಲ್ಲಿಗೆ ತಲೆ ಬಡಿದಿತ್ತು. ತುಳಸಿಯ ದೀಪಕ್ಕೆಂದು ಹೊಸೆದ ಬತ್ತಿಗಳು ಮಡಿಲಿಂದ ಚೆಲ್ಲಿದ್ದವು. ಬಿಗಿದ ಬಲಮುಷ್ಟಿಯಲ್ಲಿ ಮೊಳದುದ್ದದ ಹದಿನೇಳು ಕಪ್ಪು ಕೂದಲು; ಆಕೆಯ ತಲೆಯೋ ಪೂರ್ತಿ ನರೆತಿತ್ತು. ಮಹಿಳಾ ಕಾನ್‌ಸ್ಟೆಬಲ್ ವಾಣಿ ಆ ಎಳೆಗಳನ್ನು ಇದ್ದ ಹಾಗೆಯೇ ನೂಲಿನಲ್ಲಿ ಕಟ್ಟಿ, ಕಾಗದದಲ್ಲಿ ಮಡಿಸಿ ಮೊಹರು ಮಾಡಿದಳು. ಕೊಲೆಯೆಂದು ಎಫ್‌ಐಆರ್ ದಾಖಲಾಯಿತು.

ಆ ಮನೆಗೆ ದಿನವೂ ಬರುವ ಉದ್ದ ಜಡೆಯ ಹೆಂಗಸೆಂದರೆ ಮನೆಗೆಲಸದ ಪವಿತ್ರ. ಮೂರು ದಿನ ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

“ಸೋಮವಾರ ಎಷ್ಟು ಗಂಟೆಗೆ ಹೊರಟೆ?”

“ಎರಡಕ್ಕೆ ಸಾರ್.”

“ಜಗಳ ಆಗಿತ್ತಾ?”

“ದಿನಾ ಆಗೋದು. ಪಾತ್ರೇಲಿ ಸೋಪು ಉಳಿದದೆ ಅಂತ ಬಯ್ಯೋರು, ಆಮೇಲೆ ಅವರೇ ಕಾಫಿ ಕೊಡೋರು. ಅದಕ್ಕೆ ಯಾರಾದ್ರೂ ಸಾಯಿಸ್ತಾರಾ ಸಾರ್? ನಾಳೇನೂ ಬಾ ಅಂದ್ರೆ ಇನ್ನೊಂದು ಮನೆ ಕೆಲಸಾನೂ ಹೋಗ್ಬುಡ್ತದೆ.”

ಶುಕ್ರವಾರ ಬೆಳಿಗ್ಗೆ 11ಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಕೂದಲ ಮೈಮೇಲಿನ ಸಣ್ಣ ಹುರುಪೆಗಳು ಬುಡದಿಂದ ತುದಿಯ ಕಡೆಗೆ ಹಾಸಿರುತ್ತವೆ. ಒಂದು ತಲೆಯಿಂದ ಕಿತ್ತಿದ್ದರೆ ಎಲ್ಲ ಬುಡಗಳೂ ಒಂದೇ ಕಡೆ ಇರಬೇಕಿತ್ತು. ಇಲ್ಲಿ ಒಂಬತ್ತರ ಬುಡ ಈ ಕಡೆ, ಎಂಟರದು ಆ ಕಡೆ. ಕಿತ್ತ ಗುರುತಿಲ್ಲ, ತಾವಾಗಿ ಉದುರಿದ ಕೂದಲು. ಪವಿತ್ರಳ ಕೂದಲಿಗೂ ಇದಕ್ಕೂ ಹೋಲಿಕೆಯಿಲ್ಲ.

ಶಿವಪ್ರಕಾಶ್ ಎರಡು ಸಲ ಓದಿದರೂ ಬಗೆಹರಿಯಲಿಲ್ಲ. ವಾಣಿಗೆ ನಗು ಬಂತು.

“ಸಾರ್, ಮನೇಲಿ ಹೆಂಗಸರು ತಲೆ ಬಾಚೋದು ನೋಡೇ ಇಲ್ವಾ? ಇದು ಜಡೆಗೆ ಸೇರಿಸೋ ಚೌರಿ. ಉದುರಿದ್ದನ್ನ ಉಂಡೆ ಮಾಡಿ ಕೂಡಿಟ್ಟು, ಆಮೇಲೆ ಬಿಡಿಸಿ ಕಟ್ತಾರೆ. ಬುಡ ಯಾವುದು, ತುದಿ ಯಾವುದು ಅಂತ ಯಾರು ನೋಡ್ತಾರೆ?”

“ನೋಡಿದ್ದರೆ ಪವಿತ್ರನ್ನ ಮೂರು ದಿನ ಕೂರಿಸ್ತಿರಲಿಲ್ಲ ಕಣಮ್ಮ,” ಎಂದರು ಶಿವಪ್ರಕಾಶ್, ಮೆಲ್ಲಗೆ.

ಮೋಹನನನ್ನು ಕರೆಸಿದರು.

“ನಿಮ್ಮ ಮನೇಲಿ ಚೌರಿ ಯಾರದಿತ್ತು?”

ಅವನು ತಲೆ ತಗ್ಗಿಸಿದ. “ನನ್ನ ಹೆಂಡ್ತಿ ಸಿಂಚನಂದು. ಅವಳು ಹೋಗಿ ಎರಡು ವರ್ಷ. ನನಗೆ ಮತ್ತೆ ಮದುವೆ ಗೊತ್ತಾಗಿದೆ. ಸತ್ತವಳ ಕೂದಲು ಮನೇಲಿರಬಾರದು, ಹೊಳೆಗೆ ಬಿಡ್ತೀನಿ ಅಂದಿದ್ರು ಅಮ್ಮ.”

“ಯಾರಿಗೆ ಹೇಳಿದ್ರು?”

“ಸಿಂಚನಳ ತಾಯಿಗೆ. ಫೋನ್ ಮಾಡಿ.”

ಅದನ್ನು ಇಟ್ಟಿದ್ದ ಅಟ್ಟದ ಪೆಟ್ಟಿಗೆ ತೆರೆಸಿ ನೋಡಿದರೆ ಚೌರಿ ಇರಲಿಲ್ಲ.

ಮಧ್ಯಾಹ್ನ 3.30ಕ್ಕೆ ಬನ್ನಿಮಂಟಪದ ಮನೆಯಲ್ಲಿ ಸಿಂಚನಳ ತಾಯಿ ಮುದ್ದಮ್ಮ ಬಾಗಿಲು ತೆರೆದರು. ವಾಣಿ ಕೇಳಿದ್ದು ಒಂದೇ ಮಾತು: “ಚೌರಿ ಎಲ್ಲಿ ಅಮ್ಮ?”

ಮುದ್ದಮ್ಮ ಮಗಳ ಫೋಟೊದ ಹಿಂದಿನಿಂದ ಅರಿಶಿನದ ಬಟ್ಟೆಯ ಗಂಟು ತಂದರು.

“ಕಾಯಿಲೇಲಿ ಮಲಗಿದ್ದಾಗ ಅವಳ ದಿಂಬಿನ ಮೇಲೆ ಉದುರಿದ್ದು ಕಣವ್ವ. ಒಂದೊಂದೇ ಎಳೆ ಆಯ್ದು ನಾನೇ ಕಟ್ಟಿದ್ದು. ವಾಸಿಯಾದ್ಮೇಲೆ ಜಡೆಗೆ ಸೇರಿಸ್ಕೋತೀನಿ ಅಂದಿದ್ಲು. ಸೋಮವಾರ ಅವರ ಮನೆಗೋಗಿ, ಕೊಡಿ ಬೀಗ್ರೇ ಅಂತ ಬೇಡ್ಕೊಂಡೆ. ಶಾಸ್ತ್ರ ಅಂದ್ರು. ನಾನು ಎಳೆದೆ, ಅವರು ಬುಡಲಿಲ್ಲ. ತಳ್ಳಿಬುಟ್ಟೆ.”

“ಬಿದ್ದಾಗ ಯಾರನ್ನಾದರೂ ಕೂಗಬಾರದಿತ್ತಾ?” ಎಂದರು ಶಿವಪ್ರಕಾಶ್.

“ಕೂಗಿದ್ರೆ ಇದನ್ನ ಕಿತ್ಕೋತಿದ್ರು.”

4.10ಕ್ಕೆ ಮುದ್ದಮ್ಮನನ್ನು ಬಂಧಿಸಲಾಯಿತು. ಚೌರಿಯನ್ನು ಮೊಹರು ಮಾಡುವ ಮುನ್ನ ಆಕೆ ಕೇಳಿದರು: “ಹೊಳೆಗೆ ಬುಡಲ್ಲ ತಾನೆ?”

“ಕೋರ್ಟು ಹೇಳೋವರೆಗೆ ಎಲ್ಲೂ ಹೋಗಲ್ಲ ತಾಯಿ,” ಎಂದಳು ವಾಣಿ.

ಸಂಜೆ ಶಿವಪ್ರಕಾಶ್ ತಾವೇ ಪವಿತ್ರ ಕೆಲಸ ಮಾಡುವ ಇನ್ನೊಂದು ಮನೆಗೆ ಹೋಗಿ, ಅವಳದೇನೂ ತಪ್ಪಿಲ್ಲವೆಂದು ಹೇಳಿ ಬಂದರು.

ಮುಂದಿನ ಸೋಮವಾರ ಅವರು ದೇವಸ್ಥಾನದಲ್ಲಿ ಎರಡು ದೀಪ ಹಚ್ಚಿದರು. ತಂದೇ, ಬತ್ತಿ ಹೊಸೆಯುತ್ತಲೇ ಹೋದ ಆ ತಾಯಿಗೆ ಶಾಂತಿ ಕೊಡು. ಜಡೆ ಹೆಣೆದುಕೊಳ್ಳದೆ ಹೋದ ಆ ಮಗುವಿಗೂ ಶಾಂತಿ ಕೊಡು.