ಎಡಕ್ಕೆ ವಾಲುವ ಕಾರು

ಬ್ರೇಕ್ ರಿಪೇರಿ ಮುಗಿದಿತ್ತು. ಇನ್ನು ಹೆಸ್ಟರ್ ತನ್ನ ಹಸಿರು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಗೆ ಒಯ್ಯಬಹುದಿತ್ತು. ಮೆಕ್ಯಾನಿಕ್ ಕ್ಲೈವ್‌ಗೆ ಅದೇ ಸಂಕಟ.

ಐದು ಶನಿವಾರ ಅವಳು ಮಾಲ್ವರ್ನ್‌ನ ಈ ಗ್ಯಾರೇಜಿಗೆ ಬಂದಿದ್ದಳು. ಬೋರಲು ಹಾಕಿದ ಡಬ್ಬದ ಮೇಲೆ ಕೂತು, ಜ್ಯಾಮ್ ಟಾರ್ಟ್ ತಿನ್ನುತ್ತಾ ಅವನ ಕಾಲೆಳೆದಿದ್ದಳು. ನಲವತ್ತಾರು ದಾಟಿದ ಕ್ಲೈವ್ ಮನಸ್ಸಿನ ಮಾತು ಬಿಟ್ಟು ಬೇರೆಲ್ಲ ಮಾತಾಡಿದ್ದ.

"ಕಾರು ಎಡಕ್ಕೆ ವಾಲ್ತಿದೆ," ಎಂದ.

"ವಾಲ್ಲಿ ಬಿಡಿ. ಈ ಗುಡ್ಡದೂರಲ್ಲಿ ನೆಟ್ಟಗಿರೋದು ಏನಿದೆ?"

"ಹಾಗೆಲ್ಲ ಬಿಡಕ್ಕಾಗಲ್ಲ. ಮುಂದಿನ ಸ್ಪ್ರಿಂಗ್ ಎರಡೂ ಬಿಚ್ಚಿ, ಯಾವುದು ಎಷ್ಟು ಗಟ್ಟಿ ಅಂತ ನೋಡ್ಬೇಕು."

ಹೆಸ್ಟರ್ ಏನೋ ಹೇಳಲು ಹೋಗಿ ಟಾರ್ಟ್ ಕಚ್ಚಿದಳು.

ಬಿಚ್ಚಿ ನೋಡಿದರೆ, ಸ್ಪ್ರಿಂಗ್‌ಗಳ ಮೇಲೆ ಗಟ್ಟಿತನ ತಿಳಿಸುವ ಬಣ್ಣದ ಗುರುತು ಅಳಿಸಿಹೋಗಿತ್ತು. ಎತ್ತರ ಒಂದೇ, ಸುತ್ತುಗಳೂ ಅಷ್ಟೇ. ಆದರೆ ಬಲಗಡೆಯದರ ಕಂಬಿ ಕೂದಲೆಳೆಯಷ್ಟು ಹೆಚ್ಚು ದಪ್ಪ. ಕ್ಲೈವ್ ಮಹಡಿಯ ಬಚ್ಚಲಿನಿಂದ ತನ್ನ ತೂಕದ ಯಂತ್ರ ತಂದ.

"ಇದು ನಿಜ ಹೇಳುತ್ತಾ ನೋಡ್ಬೇಕು. ಸ್ವಲ್ಪ ಹತ್ತಿ ನಿಲ್ತೀರಾ?"

"ಹೆಂಗಸಿನ ತೂಕ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?"

ಅವನ ಕಿವಿ ಕೆಂಪಾಯಿತು. ಮೂಲೆಯಲ್ಲಿದ್ದ ಕಬ್ಬಿಣದ ತೂಕದ ಕಲ್ಲಿಟ್ಟು ಪರೀಕ್ಷಿಸಿದ. ಆಮೇಲೆ ಯಂತ್ರದ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಪ್ರೆಸ್ಸಿನಿಂದ ಅರ್ಧ ಇಂಚು ಅದುಮಿದ. ಎಡದ್ದು ಇನ್ನೂರು ಪೌಂಡ್ ತೋರಿಸಿತು. ಬಲದ್ದು ಇನ್ನೂರ ಮೂವತ್ತು.

"ಇಂಚಿಗೆ ನಾನೂರು ಪೌಂಡ್ ಒಂದು, ನಾನೂರ ಅರವತ್ತು ಇನ್ನೊಂದು!" ಗೆದ್ದವನಂತೆ ಕೂಗಿದ. "ಯಾವ ಕತ್ತೆ ಹಾಕಿದ್ದು ಇದನ್ನ? ಜೋಡಿ ಅಂದ್ಮೇಲೆ ಎರಡೂ ಒಂದೇ ಥರ ಇರ್ಬೇಕು ಅನ್ನೋ ಬುದ್ಧಿ ಬೇಡ್ವಾ?"

"ಆ ಕತ್ತೆ ನಾನೇ," ಎಂದಳು ಹೆಸ್ಟರ್. ಈಗ ಅವಳು ನಗುತ್ತಿರಲಿಲ್ಲ. "ಗಂಡ ಬಿಟ್ಟು ಹೋದ್ಮೇಲೆ ನಾನೊಬ್ಬಳೇ ಕೂತ್ರೆ ಕಾರು ಬಲಕ್ಕೆ ಕುಸೀತಿತ್ತು. ಪಕ್ಕದ ಸೀಟು ಖಾಲಿ ಅಂತ ದಿನಾ ಹಂಗಿಸಿದ ಹಾಗೆ. ಹಳೇ ಬಿಡಿಭಾಗಗಳ ಸಂತೇಲಿ ಗಟ್ಟಿ ಸ್ಪ್ರಿಂಗ್ ಹುಡುಕಿ ತಂದು ಹಾಕ್ಕೊಂಡೆ. ನಾನು ಕೂತಾಗ ಕಾರು ನೆಟ್ಟಗಿರುತ್ತೆ ಕ್ಲೈವ್, ಗೊತ್ತಾ?"

ಕ್ಲೈವ್‌ಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆದರೆ ಬಾಯಿಬಿಟ್ಟವನು ಅವನೇ.

"ನಿಮ್ಮ ಲೆಕ್ಕ ಸರಿಯಾಗೇ ಇದೆ, ಕತ್ತೆ ನಾನು. ಕಾರು ವಾಲೋದು ಮೊದಲ ಶನಿವಾರವೇ ಕಂಡಿತ್ತು. ನೀವು ಹೊರಡೋ ದಿನ ಹೇಳೋಣ ಅಂತ ಉಳಿಸ್ಕೊಂಡಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ ಹೆಸ್ಟರ್. ಹೋಗ್ಬೇಡಿ."

ಅವಳು ಡಬ್ಬದಿಂದ ಎದ್ದಳು. ನಗು ಮೊದಲು ಕಣ್ಣಂಚಿಗೆ ಬಂತು, ಆಮೇಲೆ ತುಟಿಗೆ. ಕಾಲ್ಬೆರಳಿನಿಂದ ತೂಕದ ಯಂತ್ರವನ್ನು ಅವನತ್ತ ತಳ್ಳಿದಳು.

"ಹತ್ತಿ."

"ಯಾಕೆ?"

"ಎಡಗಡೆ ಸೀಟಿಗೆ ಎಷ್ಟು ಭಾರ ಬೀಳುತ್ತೆ, ತಿಳ್ಕೋಬೇಡ್ವಾ?"

ಕ್ಲೈವ್ ಹತ್ತಿದ. ಅವನ ಎದೆಬಡಿತಕ್ಕೋ ಏನೋ, ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ.

"ಸಾಕು ಇಳೀರಿ. ಎರಡೂ ಕಡೆ ನಾನೂರರದ್ದೇ ಹಾಕಿ," ಎಂದಳು.

ಅಂಥ ಇನ್ನೊಂದು ಅವನ ಕಪಾಟಿನಲ್ಲೇ ಇತ್ತು. ಸಂಜೆಯ ಟೀ ಹೊತ್ತಿಗೆ ಇಬ್ಬರೂ ಗುಡ್ಡದ ರಸ್ತೆ ಹತ್ತಿದರು. ಕಾರು ನೆಟ್ಟಗಿತ್ತು. ಗುಡ್ಡದ ನೆತ್ತಿಯಲ್ಲಿ ಹೆಸ್ಟರ್ ಐಸ್‌ಕ್ರೀಮ್ ತರಲು ಇಳಿದಳು. ಕೋನ್ ಎರಡನ್ನು ಹಿಡಿದು ತಿರುಗಿ ನೋಡಿದರೆ, ಎಡ ಸೀಟಿನಲ್ಲಿ ಕ್ಲೈವ್ ಒಬ್ಬನೇ. ಕಾರು ಅವನ ಕಡೆಗೆ ವಾಲಿಕೊಂಡಿತ್ತು.

"ನೋಡಿ, ಮತ್ತೆ ವಾಲ್ತಿದೆ!" ಎಂದು ಬಿದ್ದು ಬಿದ್ದು ನಕ್ಕಳು.

"ಹಾಗಾದ್ರೆ ಬೇಗ ಬಾ ಹೆಸ್ಟರ್," ಎಂದು ಕ್ಲೈವ್ ಅವಳ ಕಡೆಯ ಬಾಗಿಲು ತೆರೆದ.