ಟವೆಲ್ ಕೆಳಗಿನ ವ್ಯಾಪಾರ

ಒಂದು ಜೋಡಿ ಉಳುವ ಎತ್ತಿಗೆ ಆಗ ಎರಡೂವರೆ ಸಾವಿರ ರೂಪಾಯಿ. ಕೇರಳದ ವಯನಾಡಿನ ಕಲ್ಲೂರಿನ ಗುರುಮಲ್ಲಪ್ಪ ಗುಂಡ್ಲುಪೇಟೆ ಕಡೆಯಿಂದ ಎತ್ತು ಹೊಡೆದುಕೊಂಡು ಬಂದು ಅಲ್ಲಿನ ಗದ್ದೆಯವರಿಗೆ ಮಾರುವವನು. ಲೋಕದ ಯಾವ ಬೆಲೆಯನ್ನೂ ಅವನು ಎತ್ತಿನಲ್ಲೇ ಅಳೆಯುತ್ತಿದ್ದ. ಮಗಳು ಪಂಕಜಳಿಗೆ ಇಂಗ್ಲೆಂಡಿನಲ್ಲಿ ಎಂ.ಬಿ.ಎ. ಸೀಟು ಸಿಕ್ಕಿ, ಫೀಸಿಗೆ ಸ್ಕಾಲರ್‌ಶಿಪ್ಪೂ ಬಂದಾಗ ಉಳಿದ ಖರ್ಚನ್ನು ಹೀಗೆ ಲೆಕ್ಕ ಹಾಕಿದ:

"ವಿಮಾನಕ್ಕೆ ಎರಡೂವರೆ ಜೋಡಿ. ಕೋಟು, ಸ್ವೆಟರು, ಪೆಟ್ಟಿಗೆಗೆ ಇನ್ನೊಂದು ಎತ್ತು. ಒಟ್ಟು ಮೂರು ಜೋಡಿ."

"ಅದೂ ಸರಿ. ಒಂಟಿ ಎತ್ತ ಯಾರ್ ತಗತಾರೆ?" ಎಂದಳು ಹೆಂಡತಿ ಶಿವಮ್ಮ, ಮಗಳ ಕಡೆ ನೋಡುತ್ತಾ. ಮಾತು ಎತ್ತಿನದಲ್ಲ ಎಂದು ಮನೆಯವರಿಗೆಲ್ಲ ತಿಳಿಯಿತು.

ಎತ್ತುಗಳನ್ನು ಮಾರಿಕೊಟ್ಟವನು ಗುರುಮಲ್ಲಪ್ಪನ ದಲ್ಲಾಳಿ ನಂಜುಂಡ. ಹೈಸ್ಕೂಲಿನವರೆಗೆ ಪಂಕಜ ಅವನನ್ನು ನಂಜುಂಡಣ್ಣ ಎನ್ನುತ್ತಿದ್ದಳು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಬಂದ ಮೇಲೆ ಆ ಅಣ್ಣನನ್ನು ಬಿಟ್ಟಳು. ಆ ಜಾಗದಲ್ಲಿ ಏನು ಇಡಬೇಕೆಂದು ತಿಳಿಯದೆ, ಈಗ ಹೆಸರೇ ಇಲ್ಲದೆ ಮಾತಾಡಿಸುತ್ತಿದ್ದಳು.

ನಂಜುಂಡನ ವ್ಯಾಪಾರ ನೋಡುವಂಥದ್ದು. ನೂರೋ ಸಾವಿರವೋ ಎಂಬುದನ್ನು ಬಾಯಲ್ಲಿ ಹೇಳುತ್ತಿದ್ದ. ಎಷ್ಟು ಎಂಬುದು ಮಾತ್ರ ಟವೆಲ್ ಕೆಳಗೆ. ಎದುರಿನವರ ಅಷ್ಟು ಕೈಬೆರಳು ಹಿಡಿದು ತಿಳಿಸುವುದು. ಸುತ್ತ ನಿಂತವರಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಕೈ ಬಿಡಿಸಿಕೊಂಡರೆ ವ್ಯಾಪಾರ ಮುರಿದಂತೆ. ಕೊಳ್ಳುವವರ ಪರವಾಗಿ ಕುಳಿತ ದಿನ ನಂಜುಂಡ ಯಾವಾಗಲೂ ಒಂದೇ ಬೆರಳಿನಿಂದ ಶುರು ಮಾಡುತ್ತಿದ್ದ. ಎರಡನೆಯದನ್ನು ಹಿಡಿಯುವಷ್ಟರಲ್ಲಿ ಎದುರಿನವರ ಕಾಫಿ ಆರುತ್ತಿತ್ತು.

ಮನಸ್ಸಿನ ವಿಷಯದಲ್ಲಿ ಅವನು ಆ ಒಂದು ಬೆರಳನ್ನೂ ಹಿಡಿದವನಲ್ಲ.

ಪಾಸ್‌ಪೋರ್ಟಿಗೆ ಬರ್ತ್ ಸರ್ಟಿಫಿಕೇಟ್ ಬೇಕಿತ್ತು. ಪಂಕಜ ಹುಟ್ಟಿದಾಗ ಕಲ್ಲೂರು ಕೋಳಿಕ್ಕೋಡು ಜಿಲ್ಲೆಯಲ್ಲಿತ್ತು, ಈಗ ಹೊಸದಾಗಿ ವಯನಾಡು ಜಿಲ್ಲೆ. ಅದರ ಕೇಂದ್ರ ಕಲ್ಪೆಟ್ಟದ ಗುಮಾಸ್ತ ಮಗಳೇ ಎಂದು ಮಲಯಾಳದಲ್ಲಿ ಕರೆದು, "ಮೋಳೇ, ಹಳೇ ರಿಜಿಸ್ಟರ್ ಕೋಳಿಕ್ಕೋಡಲ್ಲಿದೆ" ಎಂದ. ಘಾಟಿ ಇಳಿದು ಹೋದರೆ ಅಲ್ಲಿಯವರು, "ನಿಮ್ಮದೆಲ್ಲಾ ಕಟ್ಟಿ ಕಲ್ಪೆಟ್ಟಕ್ಕೆ ಕಳಿಸಿಯಾಯ್ತು" ಎಂದರು. ಮತ್ತೆ ಹತ್ತಿ ಬಂದರೆ ಕಟ್ಟು ಬಿಚ್ಚಿಲ್ಲ. ಬಿಚ್ಚಿದ ವಾರ ಸೀಲು ಬಂದಿಲ್ಲ.

ಪ್ರತಿ ಸಲವೂ ಜೊತೆಗೆ ನಂಜುಂಡ. ಅಪ್ಪನ ಅಪ್ಪಣೆ. ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟು ಹಿಡಿದುಕೊಟ್ಟು, ತಾನು ಕಂಬಿಗೆ ಒರಗಿ ನಿಲ್ಲುತ್ತಿದ್ದ. ಅವಳು ಹೊರಗೆ ನೋಡುವಾಗ ಅವನು ಅವಳನ್ನು ನೋಡುತ್ತಿದ್ದ. ತಿರುಗಿದರೆ ಸೀಟಿನ ಮೇಲಿನ ನಂಬರು ಓದುತ್ತಿದ್ದ.

"ನಾನು ಹೋಗೋದು ನಿಮಗೆ ಹೇಗನಿಸ್ತದೆ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

"ಬಸ್ಸಲ್ಲಿ ಜನ ಅವ್ರೆ, ಪಂಕಜಮ್ಮ."

"ಇಳಿದ ಮೇಲೆ ಹೇಳ್ತೀರಾ?"

"ಇಳಿಯೋ ಹೊತ್ಗೆ ಆಫೀಸು ಮುಚ್ತದೆ. ಬೇಗ ನಡೀಬೇಕು."

ಪಂಕಜಳಿಗೆ ಅಳುವಷ್ಟು ಸಿಟ್ಟು ಬಂತು. ಒಂದು ಕಾಗದಕ್ಕಾಗಿ ಎರಡು ಊರು ಅಲೆಯಬಹುದು, ಗುಮಾಸ್ತರ ಹತ್ತಿರ ಜಗಳವಾಡಬಹುದು. ಈ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸಲು ಯಾವ ಆಫೀಸಿನ ಬಾಗಿಲು ತಟ್ಟಬೇಕು? ಹೋಗು ಎಂದರೆ ನೆಮ್ಮದಿಯಾಗಿ ಹೋಗಬಹುದು. ಕಾಯುತ್ತೇನೆ ಎಂದರೆ ಹಾರಿಕೊಂಡು ಹೋಗಬಹುದು. ಏನೂ ಹೇಳದಿದ್ದರೆ ಏನನ್ನು ಕಟ್ಟಿಕೊಂಡು ಹೋಗುವುದು?

ಸರ್ಟಿಫಿಕೇಟು ಬಂತು, ಹೊಸ ಜಿಲ್ಲೆಯ ಹೊಳೆಯುವ ಸೀಲಿನೊಂದಿಗೆ. ಅದೇ ವಾರ ಇಂಗ್ಲೆಂಡಿನ ಕಾಗದವೂ ಬಂತು. ತರಗತಿ ಶುರುವಾಗಿದೆ, ಸೀಟೂ ಸ್ಕಾಲರ್‌ಶಿಪ್ಪೂ ಮುಂದಿನ ವರ್ಷಕ್ಕೆ ಇರುತ್ತವೆ, ಆಗ ಬನ್ನಿ.

ಗುರುಮಲ್ಲಪ್ಪ ಹಣೆಗೆ ಕೈ ಹಚ್ಚಿದ. ಎತ್ತಿನ ಬೆಲೆ ಏರಿತ್ತು. ಮಾರಿದ ದುಡ್ಡಿಗೆ ಈಗ ಮೂರು ಜೋಡಿ ವಾಪಸ್ಸು ಬರುತ್ತಿರಲಿಲ್ಲ.

ಪಂಕಜ ಕೊಟ್ಟಿಗೆ ಕಡೆ ನಡೆದಳು. ಖಾಲಿ ಗೂಟಗಳ ಹತ್ತಿರ ನಂಜುಂಡ ಉಳಿದ ಹುಲ್ಲನ್ನು ಒಟ್ಟುತ್ತಿದ್ದ. ಸುದ್ದಿ ಆಗಲೇ ತಿಳಿದಿತ್ತು.

"ಖುಷಿ ಆಯ್ತಾ?" ಎಂದಳು.

"ನಿಮ್ಮ ಸೀಟು ತಪ್ಪಿದ್ದಕ್ಕೆ ಖುಷಿ ಪಡೋ ಅಂಥೋನಲ್ಲ ನಾನು."

"ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಯಾಕೆ?"

ಅವನು ಹುಲ್ಲನ್ನೇ ನೋಡುತ್ತಾ ಹೇಳಿದ, "ನಾನೊಂದು ಮಾತಾಡಿ, ಅದ್ರಿಂದ ನೀವು ನಿಂತ್ಕಂಡ್ರೆ? ಸಾಯೋತನಕ ನನ್ನ ಮುಖ ನೋಡಿದಾಗೆಲ್ಲಾ ಇಂಗ್ಲೆಂಡು ನೆನಪಾಗ್ತಿತ್ತು ನಿಮಗೆ."

"ನಾನೇನು ಹಗ್ಗ ಕಟ್ಟಿದ ಕರುವಾ, ನೀವು ನಿಲ್ಲಿಸಿದ ಕಡೆ ನಿಲ್ಲೋಕೆ? ಮುಂದಿನ ವರ್ಷ ಹೋಗೇ ಹೋಗ್ತೀನಿ." ಅವನ ಹೆಗಲಿನ ಟವೆಲನ್ನು ಎಳೆದುಕೊಂಡಳು. "ಕೈ ಕೊಡಿ."

"ಹೆಣ್ಮಕ್ಳು ಇದ್ರ ಕೆಳಗೆ ಕೈ ಇಡಲ್ಲ."

"ಅಲ್ಲಿ ಹೋಗಿ ಕಲಿಯೋದೇ ವ್ಯಾಪಾರ. ಇಲ್ಲೇ ಶುರು ಮಾಡ್ತೀನಿ." ಟವೆಲ್ ಹೊದಿಸಿ, ಅದರ ಕೆಳಗೆ ತನ್ನ ಕೈ ಒಡ್ಡಿದಳು. "ಇಲ್ಲೊಂದು ವರ್ಷ, ಅಲ್ಲೆರಡು. ಲೆಕ್ಕ ವರ್ಷದ್ದು. ನೀವೆಷ್ಟು ಕಾಯ್ತೀರಿ, ಹಿಡೀರಿ."

ಅವಳು ಒಂದು ಬೆರಳಿಗೆ ಸಿದ್ಧಳಾಗಿದ್ದಳು. ಅಲ್ಲಿಂದ ಮೂರಕ್ಕೆ ಹೇಗೆ ಏರಿಸುವುದೆಂದು ಯೋಚಿಸುತ್ತಿದ್ದಳು.

ನಂಜುಂಡ ಇಡೀ ಕೈ ಹಿಡಿದ. ಐದು ಬೆರಳೂ. ಹುಲ್ಲಿನ ಧೂಳು ಅಂಟಿದ ಒರಟು ಅಂಗೈ ಬಿಸಿಯಾಗಿತ್ತು.

"ನಾ ಕೇಳಿದ್ದು ಮೂರು," ಎಂದಳು. "ಇಷ್ಟು ಕೆಟ್ಟ ದಲ್ಲಾಳೀನ ನಾ ನೋಡಿಲ್ಲ."

"ಸ್ವಂತಕ್ಕೆ ಯಾವತ್ತೂ ವ್ಯಾಪಾರ ಮಾಡಿಲ್ಲ, ಪಂಕಜ."

ಹೆಸರಿನ ಕೊನೆಗೆ 'ಅಮ್ಮ' ಇಲ್ಲದ, ಬರೀ ಪಂಕಜ. ಕೈಯನ್ನು ಅವಳೂ ಬಿಡಿಸಿಕೊಳ್ಳಲಿಲ್ಲ. ಅಂಗಳದಿಂದ ಶಿವಮ್ಮ, "ಅಲ್ಲೇನ್ ಮಾರ್ತಾ ಇದ್ದೀರಿ? ಕೊಟ್ಟಿಗೆ ಖಾಲಿ ಅಲ್ವಾ?" ಎಂದು ಕೂಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ವರ್ಷ ಆ ಮನೆಯಿಂದ ಮೂರು ಜೋಡಿ ಎತ್ತು ಹೋದವು, ಇಂಗ್ಲೆಂಡಿನ ಒಂದು ವರ್ಷ ಹೋಯಿತು. ನಂಜುಂಡ ಸಿಕ್ಕಿದ.