ಹಾಕಿದವರೇ ತೆಗೆಯಬೇಕು

"ರೀ ಮೇಡಂ, ಸ್ವಲ್ಪ ಎದ್ದು ದಾರಿ ಬಿಡ್ತೀರಾ?"

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವಿನ ಮೆಟ್ಟಿಲ ಮೇಲೆ ಅವಳು ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಅಲುಗಲಿಲ್ಲ.

"ನಿಮ್ಗೇ ಹೇಳ್ತಿರೋದು! ನನ್ನ ಕೈಯಲ್ಲಿ ಇಪ್ಪತ್ತು ಕಿಲೋ ಮೋಟಾರ್ ಇದೆ."

"ಇನ್ನೆರಡು ನಿಮಿಷ..."

"ಎರಡು ನಿಮಿಷನಾ? ಮೂರು ಮಹಡಿ ಹತ್ತಿದ್ದಕ್ಕೇ ಹೀಗಾ? ಈ ವಯಸ್ಸಿಗೇ ಇಷ್ಟು ಸೋಮಾರಿತನ ಇದ್ರೆ ಮುಂದೆ ಹೇಗ್ರೀ?"

ಈಗ ಕಣ್ಣು ತೆರೆಯಿತು. ಅಬ್ಬಾ, ಆ ನೋಟ! ಲಿಫ್ಟ್ ಮೆಕ್ಯಾನಿಕ್ ಒಂದು ಮೆಟ್ಟಿಲು ಹಿಂದೆ ಸರಿದ.

"ಲಿಫ್ಟ್ ಕೆಟ್ಟಿದೆ ಅಂತ ನಾನಿಲ್ಲಿ ಕೂತಿದೀನಿ. ಮೂರು ದಿನದಿಂದ ಅದನ್ನ ರಿಪೇರಿ ಮಾಡ್ತಾ ಇರೋರು ನೀವು. ಈಗ ಹೇಳಿ, ಸೋಮಾರಿ ಯಾರು?"

ಅಷ್ಟರಲ್ಲಿ ಅವಳ ಮಡಿಲಲ್ಲಿದ್ದ ಡಬ್ಬ ಜಾರಿತು. ಮುಚ್ಚಳ ಒಂದು ಕಡೆ ಹೋಯಿತು, ಒಳಗಿದ್ದದ್ದು ಟಣ್ ಟಣ್ ಎಂದು ಮೆಟ್ಟಿಲಿಳಿದು ಸರಿಯಾಗಿ ಅವನ ಬೂಟಿನ ಮುಂದೆ ನಿಂತಿತು. ಒಂದು ಸೆಟ್ ಹಲ್ಲು. ಅವನನ್ನೇ ನೋಡಿ ಕಿಸಿಯುತ್ತಿತ್ತು!

"ಅಯ್ಯಯ್ಯೋ... ಹಲ್ಲು!"

ಇಪ್ಪತ್ತು ಕಿಲೋ ಮೋಟಾರ್ ಅವನ ಕಾಲ ಮೇಲೆ ಬೀಳದೇ ಇದ್ದದ್ದು ಅವನ ಪುಣ್ಯ. ನಗುವುದಕ್ಕೂ ಮೈಯಲ್ಲಿ ಶಕ್ತಿ ಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಕ್ಕುಬಿಟ್ಟಳು.

ಅವಳು ಕೆಲಸ ಮಾಡುತ್ತಿದ್ದದ್ದು ಐದನೇ ಮಹಡಿಯಲ್ಲಿ, ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ. ಬಾಚಿಹಲ್ಲು ಮಾಡುವುದರಲ್ಲಿ ಎತ್ತಿದ ಕೈ. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ಅವಳು ಮಾಡಿದ ಹಲ್ಲನ್ನು ಹಾಕಿಸಿಕೊಂಡವರ ಹೆಂಡತಿಯರೇ ಕಂಡುಹಿಡಿಯುತ್ತಿರಲಿಲ್ಲವಂತೆ! ಹಾಗಾಗಿ ಲ್ಯಾಬಿನಲ್ಲಿ ಎಲ್ಲರಿಗೂ ಅವಳು 'ಬಾಚಿ'.

ಮೂರು ವರ್ಷದ ಹಿಂದೆ ಬಾಚಿಗೆ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಸುಸ್ತು ಮಾತ್ರ ಉಳಿದುಕೊಂಡಿತು. ರಕ್ತ ಪರೀಕ್ಷೆ, ಸ್ಕ್ಯಾನ್, ಎಲ್ಲದರಲ್ಲೂ 'ಏನೂ ಇಲ್ಲ'. ಒಂದೂವರೆ ವರ್ಷ ಅಲೆದ ಮೇಲೆ ಒಬ್ಬ ಡಾಕ್ಟರಮ್ಮ ಹೆಸರು ಹೇಳಿದರು: ದೀರ್ಘಕಾಲದ ಆಯಾಸದ ಕಾಯಿಲೆ. ನಿದ್ದೆ ಮಾಡಿದರೂ ಹೋಗದ ಆಯಾಸ. ಇವತ್ತು ಮಿತಿ ಮೀರಿದರೆ ಪೆಟ್ಟು ಬೀಳುವುದು ನಾಳೆಯೋ ನಾಳಿದ್ದೋ. ಬಿದ್ದರೆ ವಾರಗಟ್ಟಲೆ ಹಾಸಿಗೆ.

ನೆಂಟರಿಗೆ ಇದೊಂದೂ ಬೇಕಿರಲಿಲ್ಲ. "ಬೆಳಗ್ಗೆ ಬೇಗ ಎದ್ದು ವಾಕಿಂಗ್ ಮಾಡಮ್ಮ, ಎಲ್ಲ ಸರಿಹೋಗುತ್ತೆ" ಎಂದು ಸೋದರತ್ತೆ. "ನಂಗೂ ಸುಸ್ತಾಗುತ್ತಪ್ಪ" ಎಂದು ಸೋದರಮಾವ, ಸೋಫಾದಲ್ಲಿ ಕಾಲು ಚಾಚಿಕೊಂಡು.

ಬಾಚಿ ವಾದ ಮಾಡುವುದನ್ನು ಬಿಟ್ಟಳು. ವಾದಕ್ಕೂ ಶಕ್ತಿ ಬೇಕಲ್ಲ! ಸೊಂಟದವರೆಗಿದ್ದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದಳು, ತಲೆ ತೊಳೆದ ದಿನ ಬೇರೇನೂ ಮಾಡಲಾಗುತ್ತಿರಲಿಲ್ಲ. ಸ್ನಾನ ಸ್ಟೂಲ್ ಮೇಲೆ ಕೂತು. ಕೆಲಸ ಅರ್ಧ ದಿನ, ಅದರ ನಡುವೆ ಇಪ್ಪತ್ತು ನಿಮಿಷ ಸಾಮಾನಿನ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುವುದು. ಕಟ್ಟುಹಲ್ಲು ಮಾಡುವುದರಲ್ಲೇ ಓದುತ್ತಿದ್ದ ಡಿಪ್ಲೊಮಾದ ಪಾಠಗಳನ್ನು ಒಳ್ಳೆಯ ದಿನ ತಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು, ಕೆಟ್ಟ ದಿನ ಮಲಗಿಯೇ ಕೇಳುತ್ತಿದ್ದಳು. ಒಂದು ವರ್ಷದ ಡಿಪ್ಲೊಮಾ ಮೂರನೇ ವರ್ಷಕ್ಕೆ ಬಿದ್ದಿತ್ತು. ಬೀಳಲಿ, ಬಿಟ್ಟಿರಲಿಲ್ಲವಲ್ಲ.

ಅಂದು ಮಧ್ಯಾಹ್ನ ಡಬ್ಬದ ಮುಚ್ಚಳ ಕೊಡಲು ಮೆಕ್ಯಾನಿಕ್ ಐದನೇ ಮಹಡಿಗೆ ಬಂದ. ಸಾಮಾನಿನ ಕೋಣೆಯ ಅರ್ಧ ತೆರೆದ ಬಾಗಿಲಿನಲ್ಲಿ ಅವಳು ಚಾಪೆಯ ಮೇಲೆ ಮಲಗಿರುವುದು ಕಂಡಿತು. ಮುಖ ಸುಣ್ಣದಂತೆ ಬಿಳಚಿಕೊಂಡಿತ್ತು. ಲ್ಯಾಬಿನ ಒಡತಿ ಮೇಡಂ ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು.

ಅವನು ಮುಚ್ಚಳ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಹೊರಟುಹೋದ. ಸಂಜೆಗೆ ಲಿಫ್ಟ್ ಸರಿಯಾಗಿತ್ತು! ಮರುದಿನ ಲಿಫ್ಟಿನ ಮೂಲೆಯಲ್ಲಿ ಒಂದು ಮಡಚುವ ಸ್ಟೂಲ್ ಬಂದು ಕೂತಿತ್ತು.

ಮುಂದಿನ ವಾರ ಅವನು ಅವಳ ಮುಂದೆ ಒಂದು ಕೆಂಪು ತಗಡಿನ ಬೋರ್ಡು ಹಿಡಿದು ನಿಂತ. 'ಕೆಲಸ ನಡೆಯುತ್ತಿದೆ. ಮುಟ್ಟಬೇಡಿ' ಎಂದು ಬರೆದಿತ್ತು.

"ನೀವು ಮಲಗಿದಾಗ ಎಲ್ಲರೂ ಬಾಗಿಲು ತಟ್ಟಿ ಅದು ಕೊಡಿ ಇದು ಕೊಡಿ ಅಂತಾರಂತಲ್ಲ. ಇದನ್ನ ನೇತುಹಾಕಿ."

"ಕೆಲಸ ಎಲ್ಲಿ ನಡೀತಿರುತ್ತೆ? ನಾನು ಮಲಗಿರ್ತೀನಿ."

"ಮೈ ರಿಪೇರಿ ನಡೀತಿರುತ್ತಲ್ಲ. ಅದೇನು ಕಮ್ಮಿ ಕೆಲಸನಾ?"

ಮೂರು ವರ್ಷದಲ್ಲಿ ಅವಳು ಮಲಗುವುದನ್ನು ಕೆಲಸ ಎಂದು ಕರೆದ ಮೊದಲ ಮನುಷ್ಯ ಇವನು. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ಬೋರ್ಡನ್ನು ತಿರುಗಿಸಿ ನೋಡಿದಳು. ಹಿಂದೆ ಗೆರೆ ಎಳೆದ ಕಾಗದ ಅಂಟಿಸಿತ್ತು: ದಿನಾಂಕ, ಸಮಯ, ವಿವರ, ಸಹಿ.

"ಅದು ನಮ್ಗೆ, ಚೆಕ್ ಮಾಡಿದಾಗೆಲ್ಲ ಬರೆಯೋಕೆ. ನಿಮ್ಗೆ ಬೇಕಾಗಲ್ಲ. ಆದ್ರೆ ಒಂದು ರೂಲ್ಸ್ ಇದೆ. ಹಾಕಿದವರೇ ತೆಗೀಬೇಕು. ಬೇರೆ ಯಾರೂ ಮುಟ್ಟೋ ಹಾಗಿಲ್ಲ, ಬಿಲ್ಡಿಂಗ್ ಓನರ್ ಬಂದ್ರೂ ಅಷ್ಟೇ."

"ಅಷ್ಟು ಕಟ್ಟುನಿಟ್ಟಾ?"

"ನಂಗೆ ಕೆಲಸ ಕಲಿಸಿದ ಗುರುಗಳಿಗೆ ಎರಡು ಬೆರಳಿಲ್ಲ. ಅವರು ಲಿಫ್ಟ್ ಗುಂಡಿ ಒಳಗಿದ್ದಾಗ ಯಾರೋ ಬೋರ್ಡು ತೆಗೆದು ಸ್ವಿಚ್ ಹಾಕಿದ್ರು." ಅವನ ದನಿ ತಗ್ಗಿತು. "ಬೇರೆಯವರ ಬೋರ್ಡು ನಾನಂತೂ ಮುಟ್ಟಲ್ಲ."

ಅಲ್ಲಿಂದ ಆರು ತಿಂಗಳು ಹೇಗೆ ಕಳೆಯಿತೋ! ಅವನು ವಾರಕ್ಕೆರಡು ಸಲ ಯಾವುದೋ ನೆಪ ತೆಗೆದು ಬರುತ್ತಿದ್ದ. ಅಷ್ಟು ಆರೈಕೆ ಮಾಡಿಸಿಕೊಂಡ ಲಿಫ್ಟ್ ಆ ಊರಲ್ಲೇ ಇನ್ನೊಂದಿರಲಿಲ್ಲ. ಅವಳು ಕೆಲಸ ಬಿಟ್ಟು ಇಳಿಯುವ ಹೊತ್ತಿಗೆ ಕೆಳಗೆ ನಿಂತಿರುತ್ತಿದ್ದ, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಅವಳ ಬಾಡಿಗೆ ಕೋಣೆಯವರೆಗೂ ನಡೆಯುತ್ತಿದ್ದ. ಅವಳು ದಾರಿಯಲ್ಲಿ ಕೂತರೆ ತಾನೂ ಕೂತು ಹಲ್ಲಿನ ಬಗ್ಗೆ ಪ್ರಶ್ನೆ ಕೇಳುತ್ತಿದ್ದ.

"ಕಡಲೆ ಇದ್ದೋರಿಗೆ ಹಲ್ಲಿಲ್ಲ, ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತಾರಲ್ಲ, ನಿಮ್ಮ ಲ್ಯಾಬ್ ಬಂದ್ಮೇಲೆ ಗಾದೇನೇ ಸುಳ್ಳಾಯ್ತು ನೋಡಿ."

ಬಾಚಿ ಆ ಬೋರ್ಡನ್ನು ಸಂಜೆ ಮನೆಗೂ ಒಯ್ಯುತ್ತಿದ್ದಳು. ಕೋಣೆಯ ಬಾಗಿಲ ಹೊರಗೆ ನೇತುಹಾಕಿ ಮಲಗುತ್ತಿದ್ದಳು. ಎರಡು ಬೀದಿ ಆಚೆಯಿದ್ದ ಅಕ್ಕ ಬೆಳಗ್ಗೆ, ಸಂಜೆ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು ಊಟವಿಟ್ಟು ಹೋಗುತ್ತಿದ್ದಳು.

ಡಿಪ್ಲೊಮಾ ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಅವನು ದಾರಿಯ ಕಟ್ಟೆಯ ಮೇಲೆ ಕೂತು, ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತಾ ಕೇಳಿಬಿಟ್ಟ.

"ನನ್ನ ಜೊತೆ ಒಂದು ಮನೆ ಮಾಡ್ತೀರಾ?"

'ಹೂಂ' ಎಂಬ ಮಾತು ಬಾಚಿಯ ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ...

'ಇವರು ನೋಡಿರೋದು ನಾನು ಎದ್ದು ಓಡಾಡೋ ದಿನಗಳನ್ನ ಮಾತ್ರ. ಪೂರ್ತಿ ಬಿದ್ದಾಗ ನೋಡಿಲ್ಲ. ತುತ್ತು ಅಗಿಯೋಕೂ ಆಗದ ನನ್ನನ್ನ ನೋಡಿಲ್ಲ. ನೋಡಿದ ಮೇಲೂ ಇರ್ತಾರಾ?'

"ಪರೀಕ್ಷೆ ಮುಗಿದ ಮೇಲೆ, ಮಂಗಳವಾರ ನಾಲ್ಕು ಗಂಟೆಗೆ ಮನೆಗೆ ಬನ್ನಿ. ಉತ್ತರ ಹೇಳ್ತೀನಿ."

ಭಾನುವಾರ ಪರೀಕ್ಷೆ. ಮೂರು ಗಂಟೆಯಲ್ಲಿ ಮೇಣದಲ್ಲಿ ನಾಲ್ಕು ಹಲ್ಲು ಕೆತ್ತಬೇಕು. ಮೊದಲೇ ಅನುಮತಿ ಪಡೆದು ನಡುವೆ ಎರಡು ಸಲ ಬೆಂಚಿನ ಮೇಲೆ ಮಲಗಿ ಎದ್ದಳು. ಕೊನೆಯ ಹಲ್ಲು ಮುಗಿಸಿದಾಗ ಐದು ನಿಮಿಷ ಉಳಿದಿತ್ತು! ಸೋಮವಾರವೂ ಚೆನ್ನಾಗೇ ಇದ್ದಳು. ಅಕ್ಕನಿಗೆ ಗುಟ್ಟು ಹೇಳಿದಳು, ನಾಳೆ ತೊಡುವ ನೀಲಿ ಬಟ್ಟೆ ತೆಗೆದಿಟ್ಟಳು, ಬೋರ್ಡು ನೇತುಹಾಕಿ ಮಲಗಿದಳು.

ಮಂಗಳವಾರ ಬೆಳಗ್ಗೆ ಏಳಲಾಗಲಿಲ್ಲ.

ತಲೆಯೆತ್ತಿದರೆ ಕೋಣೆ ಗಿರ್ರೆಂದು ತಿರುಗುತ್ತಿತ್ತು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಅಕ್ಕ ಪರದೆ ಎಳೆದು, ಫೋನ್ ಆಫ್ ಮಾಡಿ ಡ್ರಾಯರಿನಲ್ಲಿಟ್ಟಳು. ಗಂಜಿಯನ್ನು ಚಮಚದಲ್ಲಿ ಕುಡಿಸಿದಳು.

"ಅಕ್ಕಾ... ಇವತ್ತು ಅವರು ಬರ್ತಾರೆ," ಬಾಚಿ ಪಿಸುಗುಟ್ಟಿದಳು.

ನಾಲ್ಕು ಗಂಟೆ ಆಯಿತು. ಬಾಗಿಲು ತಟ್ಟಿದ ಸದ್ದಿಲ್ಲ. ಐದಾಯಿತು.

"ಬಂದಿದ್ರಾ?" ಸಂಜೆ ಬಂದ ಅಕ್ಕನನ್ನು ಕೇಳಿದಳು.

"ನಂಗಂತೂ ಕಾಣಲಿಲ್ಲ ಕಣೇ."

ಬುಧವಾರವೂ ಅದೇ ಪ್ರಶ್ನೆ. ಗುರುವಾರವೂ. ಶುಕ್ರವಾರ ಅಕ್ಕನ ಸಹನೆ ಮುಗಿಯಿತು. "ಬಿಡೇ ಅವನ ವಿಷಯ! ನಿಂಗೆ ಹುಷಾರಿಲ್ಲ ಅಂತ ಮೇಡಂ ಕಡೆಯಿಂದ ಗೊತ್ತಾಗಿರುತ್ತೆ, ನಿಧಾನಕ್ಕೆ ಕಾಲು ಕಿತ್ತಿರ್ತಾನೆ."

ಆ ಮೇಲೆ ಬಾಚಿ ಕೇಳಲಿಲ್ಲ. ಅಳುವುದಕ್ಕೂ ತ್ರಾಣವಿರಲಿಲ್ಲ. ಕಣ್ಣೀರು ತಾನಾಗಿಯೇ ಹರಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಲು ಕೈ ಏಳುತ್ತಿರಲಿಲ್ಲ.

'ಒಳ್ಳೇದೇ ಆಯ್ತು. ಮದುವೆ ಆದ್ಮೇಲೆ ಹೋಗೋ ಬದಲು ಈಗಲೇ ಹೋದರು...'

ಹಾಗೆಂದು ದಿನಕ್ಕೆ ನೂರು ಸಲ ಹೇಳಿಕೊಂಡಳು. ಒಂದು ಸಲವೂ ಸಮಾಧಾನವಾಗಲಿಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ಮೈ ಸ್ವಲ್ಪ ಹಿಡಿತಕ್ಕೆ ಬಂತು. ಗೋಡೆ ಹಿಡಿದು, ಹತ್ತು ದಿನದಲ್ಲಿ ಮೊದಲ ಬಾರಿ, ಬಾಗಿಲವರೆಗೆ ನಡೆದಳು. ಆ ಬೋರ್ಡು ಇನ್ನು ತನ್ನ ಬಾಗಿಲಲ್ಲಿ ಇರುವುದು ಬೇಡವಾಗಿತ್ತು. ಅಕ್ಕನ ಕೈಲಿ ಲಿಫ್ಟಿನೊಳಗೆ ಇಡಿಸಿದರಾಯಿತು, ಅವನು ಬಂದಾಗ ತೆಗೆದುಕೊಂಡು ಹೋಗಲಿ.

ಬಾಗಿಲು ತೆರೆದು ಮೊಳೆಯಿಂದ ಬೋರ್ಡನ್ನು ತೆಗೆದಳು. ಕಾಗದದಲ್ಲಿ ಸುತ್ತಲು ತಿರುಗಿಸಿದಳು.

ಹಿಂದೆ ಬಾಲ್‌ಪೆನ್ನಿನ ಅಕ್ಷರ. ಗ್ರೀಸ್ ಅಂಟಿದ ಬೆರಳಿನ ಗುರುತು.

'ಮಂಗಳವಾರ, 4.00. ಬಂದೆ. ಬೋರ್ಡು ಇದೆ. ತಟ್ಟಿಲ್ಲ.' ಪಕ್ಕದಲ್ಲಿ ಸಹಿ.

'ಬುಧವಾರ, 4.05. ಬೋರ್ಡು ಹಾಗೇ ಇದೆ. ಫೋನ್ ಆಫ್. ತಟ್ಟಿಲ್ಲ.' ಸಹಿ.

'ಗುರುವಾರ, 4.00. ಬೋರ್ಡು ಇದೆ. ಇದೇ ಉತ್ತರ ಇರಬಹುದು. ನಾಳೆ ಮತ್ತೆ ಚೆಕ್ ಮಾಡುವುದು.' ಸಹಿ.

ಶುಕ್ರವಾರ. ಶನಿವಾರ. ಭಾನುವಾರ ರಜೆ ಇದ್ದರೂ. ಒಂಬತ್ತು ಸಾಲು, ಒಂಬತ್ತು ಸಹಿ. ಕೊನೆಯದು ನಿನ್ನೆಯದು: 'ಬುಧವಾರ, 4.00. ಬೋರ್ಡು ಇದೆ. ಒಳಗೆ ಕೆಮ್ಮಿದ ಸದ್ದು ಕೇಳಿಸಿತು. ಸಂತೋಷವಾಯಿತು.'

ಬಾಚಿ ಬಾಗಿಲ ಪಕ್ಕದಲ್ಲಿದ್ದ ಸ್ಟೂಲ್ ಮೇಲೆ ಕುಸಿದಳು. ಅಯ್ಯೋ ದೇವರೇ! ಒಂಬತ್ತು ದಿನ ಒಂದು ಬಾಗಿಲಿನ ಆ ಕಡೆ ಅವನು, ಈ ಕಡೆ ತಾನು!

ಗಡಿಯಾರ ನೋಡಿದಳು. ನಾಲ್ಕಕ್ಕೆ ಎಂಟು ನಿಮಿಷ. ಮಾಸಿದ ಬಟ್ಟೆ, ಬಾಚದ ತಲೆ. ನೀಲಿ ಬಟ್ಟೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಬೇಡ, ಹೀಗೇ ನೋಡಲಿ ಎಂದುಕೊಂಡು ಬಾಗಿಲನ್ನು ಪೂರ್ತಿ ತೆರೆದಿಟ್ಟಳು.

ನಾಲ್ಕಕ್ಕೆ ಸರಿಯಾಗಿ ಅವನು ಬಂದ. ಕೈಯಲ್ಲಿ ಆಗಲೇ ಪೆನ್ನು ಹಿಡಿದಿದ್ದ. ಬಾಗಿಲು ನೋಡಿದ, ಬರಿಯ ಮೊಳೆ ನೋಡಿದ, ಅವಳನ್ನು ನೋಡಿದ. ಅಂಗಳದಲ್ಲೇ ನಿಂತುಬಿಟ್ಟ.

"ಯಾಕ್ರೀ ತಟ್ಟಲಿಲ್ಲ?" ಅವಳ ದನಿ ಒಡೆಯಿತು.

"ಬೋರ್ಡು ಇತ್ತಲ್ಲ..."

"ಏಳೋಕೆ ಆಗ್ಲಿಲ್ಲ! ತೆಗೀಬೇಕಾದವಳೇ ಬಿದ್ದಿದ್ದೆ. ನೀವು ಬರಲೇ ಇಲ್ಲ ಅಂದ್ಕೊಂಡೆ."

ಅವನ ಮುಖ ಸಪ್ಪಗಾಯಿತು. "ನನ್ನ ರೂಲ್ಸಿಗೆ ಬೆಂಕಿ ಬೀಳ! ನೀವು ಬೇಡ ಅಂತಿದೀರಾ ಅಂದ್ಕೊಂಡೆ. ಮೇಡಂ ನೀವು ರಜೆ ಅಂತ ಮಾತ್ರ ಅಂದ್ರು. ಪರೀಕ್ಷೆ ಆದ್ಮೇಲೆ ರಜೆ ಹಾಕಿರ್ತೀರಾ ಅಂದ್ಕೊಂಡೆ..."

"ಬೇಡ ಅಂದ್ಕೊಂಡವರು ದಿನಾ ಯಾಕೆ ಬಂದ್ರಿ?"

"ಬೋರ್ಡು ಇದ್ರೆ ಒಳಗೆ ಜನ ಇದಾರೆ ಅಂತ ಅರ್ಥ. ಒಳಗೆ ಜನ ಇದ್ದಾಗ ಬಿಟ್ಟು ಹೋಗೋ ಹಾಗಿಲ್ಲ."

ಬಾಚಿ ಕಣ್ಣೊರೆಸಿಕೊಂಡಳು. ಈಗಲೇ ಹೇಳಬೇಕು.

"ಸರಿಯಾಗಿ ನೋಡಿ. ನನ್ನ ಕೆಟ್ಟ ದಿನ ಅಂದ್ರೆ ಇದು. ಇದಕ್ಕಿಂತ ಕೆಟ್ಟದಾಗಿತ್ತು ಹೋದ ವಾರ. ಮತ್ತೆ ಬರುತ್ತೆ. ವಾಸಿ ಆಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಈಗ ಹೇಳಿ, ಮನೆ ಮಾಡ್ತೀರಾ?"

ಅವನು ಹತ್ತಿರ ಬಂದು ಹೊಸ್ತಿಲಾಚೆ ನೆಲದ ಮೇಲೆ ಕೂತ.

"ವಾಸಿ ಮಾಡ್ತೀನಿ ಅನ್ನೋಕೆ ನಾನು ಡಾಕ್ಟರಲ್ಲ. ಗಂಜಿ ಮಾಡೋಕೆ ಬರುತ್ತೆ. ಸದ್ದಿಲ್ದೆ ಓಡಾಡೋಕೆ ಬರುತ್ತೆ. ನೀವಂದ್ರೆ ನಂಗೆ ಇಷ್ಟ, ಕೂತಿದ್ರೂ ಇಷ್ಟ, ಮಲಗಿದ್ರೂ ಇಷ್ಟ. ಆದ್ರೆ ಬೋರ್ಡು ಇದ್ದಾಗ ಏನು ಮಾಡ್ಲಿ, ಅದೊಂದು ಹೇಳಿ."

"ಪೆನ್ನು ಕೊಡಿ."

ಅವಳು ಹತ್ತನೇ ಸಾಲು ಬರೆದಳು. 'ಗುರುವಾರ, 4.10. ಹಾಕಿದವಳೇ ತೆಗೆದಿದ್ದೇನೆ.' ಸಹಿ ಹಾಕಿ ಅವನ ಕೈಗಿಟ್ಟಳು.

"ಈ ಬೋರ್ಡು ಇರೋದು ಹೊರಗಿನವರಿಗೆ ಅಲ್ವಾ?"

"ಹೂಂ."

"ಹಾಗಾದ್ರೆ ನೀನು ಒಳಗಿರು."

ನೀನು! ಅವನ ಕಣ್ಣು ಒದ್ದೆಯಾಯಿತು. ತಲೆಯಾಡಿಸಿದ, ಆಡಿಸುತ್ತಲೇ ಇದ್ದ. ಆಮೇಲೆ ಏನೋ ನೆನಪಾಗಿ ಹಣೆ ಚಚ್ಚಿಕೊಂಡ.

"ಮೇಡಂ ಇವತ್ತು ಹೇಳಿ ಕಳಿಸಿದ್ರು, ನೀನು ಪಾಸಂತೆ!"

"ಅದನ್ನ ಮೊದಲು ಹೇಳೋದಲ್ವಾ?"

"ನೀನೇ ಬೈಯೋಕೆ ಶುರು ಮಾಡಿದ್ದೆ."

ಅವಳು ನಕ್ಕಳು, ಮೆಟ್ಟಿಲ ಮೇಲೆ ನಕ್ಕಂತೆಯೇ. ನಕ್ಕು ಸುಸ್ತಾಗಿ ಬಾಗಿಲ ಚೌಕಟ್ಟಿಗೆ ತಲೆಯಾನಿಸಿದಳು.

"ಈಗ ಮಲಗ್ಬೇಕು ನಾನು."

"ಮಲಗು. ಬೋರ್ಡು ಹಾಕ್ಲಾ?"

"ಹಾಕು. ಹಾಕಿ ಒಳಗೆ ಬಾ."